ಕೆಂಪು ಗೆರೆ ಕಾಯುವ ಮೀಟರ್

ಡೀಸೆಲ್ ಗಾಡಿಯನ್ನು ಗ್ಯಾಸಿಗೆ ತಿರುಗಿಸಿದಾಗ ಡ್ಯಾಶ್‌ಬೋರ್ಡಿನಲ್ಲಿ ಹೊಸದೊಂದು ಮೀಟರ್ ಬಂದು ಕೂರುವುದುಂಟು. ಎಂಜಿನ್ನಿನಿಂದ ಸೈಲೆನ್ಸರ್ ಕಡೆಗೆ ಹೋಗುವ ಹೊಗೆ ಎಷ್ಟು ಡಿಗ್ರಿ ಬಿಸಿಯಿದೆ ಎಂದು ಅದು ತೋರಿಸುತ್ತದೆ. ಮುಳ್ಳು ಕೆಂಪು ಗೆರೆ ದಾಟದಿದ್ದರೆ ಎಂಜಿನ್ ಕ್ಷೇಮ ಎಂಬುದು ಅದರ ಜತೆ ಬರುವ ಭರವಸೆ. ಈ ಭರವಸೆ ಅರ್ಧ ನಿಜ. ಉಳಿದ ಅರ್ಧದಲ್ಲೇ ಪಿಸ್ಟನ್ ಸುಡುವುದು.

ಪರಿವರ್ತನೆಯಲ್ಲಿ ಎರಡು ಬಗೆ. ಮೊದಲನೆಯದರಲ್ಲಿ ಡೀಸೆಲನ್ನು ಪೂರ್ತಿ ಕೈಬಿಡುತ್ತಾರೆ. ಮೀಥೇನ್ ತಾನಾಗಿ ಹೊತ್ತಿಕೊಳ್ಳಲು ಸುಮಾರು 540 ಡಿಗ್ರಿ ಸೆಲ್ಸಿಯಸ್ ಬೇಕು, ಡೀಸೆಲಿಗೆ ಅದರ ಅರ್ಧವೂ ಬೇಡ. ಹಾಗಾಗಿ ಡೀಸೆಲ್ ನಾಜಲ್ ಇದ್ದ ತೂತಿಗೆ ಸ್ಪಾರ್ಕ್ ಪ್ಲಗ್ ಬರುತ್ತದೆ, ಪಿಸ್ಟನ್ ತಲೆಯನ್ನು ಕೊರೆದು 17ರ ಆಸುಪಾಸಿನ ಕಂಪ್ರೆಷನ್ ಅನುಪಾತವನ್ನು 11ರ ಸುಮಾರಿಗೆ ಇಳಿಸುತ್ತಾರೆ, ಗಾಳಿಯ ದಾರಿಗೆ ಥ್ರಾಟಲ್ ಕೂರಿಸುತ್ತಾರೆ. 1998ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ದೆಹಲಿಯ ಬಸ್ಸುಗಳೆಲ್ಲ ಸಿಎನ್‌ಜಿಗೆ ಬರಬೇಕೆಂದು ಆದೇಶಿಸಿದ ಮೇಲೆ, ಹೊಸ ಬಸ್ಸುಗಳ ಜತೆಗೆ ಹಳೆಯ ಡೀಸೆಲ್ ಬಸ್ಸುಗಳೂ ಹೀಗೆ ಹೊಸ ವೇಷ ತೊಟ್ಟವು. ಎರಡನೆಯದು ಡ್ಯುಯಲ್ ಫ್ಯುಯಲ್: ಗ್ಯಾಸು ಗಾಳಿಯ ಜತೆ ಒಳಗೆ ಹೋಗುತ್ತದೆ, ಅದನ್ನು ಹೊತ್ತಿಸುವಷ್ಟು ಡೀಸೆಲನ್ನು ನಾಜಲ್ ಸಿಂಪಡಿಸುತ್ತದೆ.

ಬಿಸಿಯ ಲೆಕ್ಕ ಇಲ್ಲೇ ತಲೆಕೆಳಗಾಗುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಗಾಳಿ ಯಾವಾಗಲೂ ಬೇಕಾದ್ದಕ್ಕಿಂತ ಹೆಚ್ಚೇ ಇರುತ್ತದೆ, ಆದ್ದರಿಂದ ಡೀಸೆಲ್ ಹೆಚ್ಚಿದಷ್ಟೂ ಹೊಗೆ ಬಿಸಿಯಾಗುತ್ತದೆ. ಟರ್ಬೊಗೆ ಮೊದಲು 700 ಡಿಗ್ರಿ ಮುಟ್ಟಿದರೆ ಕಾಲು ತೆಗೆ ಎಂಬ ಲಾರಿ ಲೋಕದ ರೂಢಿ ಹುಟ್ಟಿದ್ದು ಇದರಿಂದ. ಸ್ಪಾರ್ಕ್ ಪ್ಲಗ್ಗಿನ ಗ್ಯಾಸ್ ಎಂಜಿನ್ನಿನಲ್ಲಿ ಗಾಳಿ, ಗ್ಯಾಸು ಎರಡೂ ಉಳಿಯದಂತೆ ತಕ್ಕ ಪ್ರಮಾಣದಲ್ಲಿ ಬೆರೆತು ಭಾರ ಎಳೆಯುವಾಗ 800 ಡಿಗ್ರಿ ಅಸಹಜವೇನಲ್ಲ. ಡೀಸೆಲ್ ಕಾಲದ ಗೆರೆಯನ್ನೇ ಇಲ್ಲೂ ಎಳೆದರೆ ಮೀಟರ್ ಸುಮ್ಮಸುಮ್ಮನೆ ಕಿರುಚುತ್ತದೆ. ನಾಲ್ಕು ದಿನ ಕೇಳಿ ಬೇಸತ್ತ ಚಾಲಕ ಅದರ ವೈರು ಕಿತ್ತುಹಾಕುತ್ತಾನೆ. ಗೆರೆಯನ್ನು ಮೇಲಕ್ಕೇರಿಸಿದರೆ, ಡೀಸೆಲಿನ ಬಿಸಿಗೆಂದು ಎರಕ ಹೊಯ್ದ ಮ್ಯಾನಿಫೋಲ್ಡು, ಟರ್ಬೊ ಮನೆ, ಎಕ್ಸಾಸ್ಟ್ ವಾಲ್ವು ತಾವು ಕೇಳದ ಉರಿಯಲ್ಲಿ ಬೇಯುತ್ತವೆ. ಸಾಲದ್ದಕ್ಕೆ ಗ್ಯಾಸು ಒಣ ಇಂಧನ. ಡೀಸೆಲ್ ಮಸಿ ವಾಲ್ವ್ ಸೀಟಿಗೆ ಕೊಡುತ್ತಿದ್ದ ತೆಳು ಹೊದಿಕೆಯೂ ಹೋಗುತ್ತದೆ.

ಇಂಥ ನಿಧಾನದ ಹಾನಿಯನ್ನು ಮೀಟರಿನ ಸೆನ್ಸರ್ ಚೆನ್ನಾಗಿಯೇ ಹಿಡಿಯುತ್ತದೆ, ಆ ಶ್ರೇಯ ಅದಕ್ಕೆ ಸಲ್ಲಬೇಕು. ಸ್ಪಾರ್ಕ್ ತಡವಾದರೆ, ಮಿಶ್ರಣ ತೆಳುವಾಗಿ ಉರಿ ಎಳೆದಾಡಿದರೆ, ವಾಲ್ವ್ ತೆರೆದಾಗಲೂ ಬೆಂಕಿ ಆರಿರುವುದಿಲ್ಲ, ಮುಳ್ಳು ಏರುತ್ತದೆ. ತುಂಬಿದ ಲಾರಿ ಗುಂಡ್ಯದಿಂದ ಶಿರಾಡಿ ಘಾಟಿ ಹತ್ತುವಾಗ ಆಗುವುದು ಇಂಥದೇ ನಿಧಾನದ ಬಿಸಿಯೇರಿಕೆ. ಅಲ್ಲಿ ಈ ಮೀಟರ್ ದುಡ್ಡಿಗೆ ಮೋಸವಿಲ್ಲ.

ನಾಕಿಂಗ್, ಅಂದರೆ ಉರಿ ತಲುಪುವ ಮೊದಲೇ ಉಳಿದ ಮಿಶ್ರಣ ತಾನಾಗಿ ಸಿಡಿಯುವುದು, ಅದರ ಮಾತು ಬೇರೆ. ಸಿಲಿಂಡರಿನ ಒಳಗಿನ ಉರಿ 2000 ಡಿಗ್ರಿ ದಾಟುತ್ತದೆ, ಪಿಸ್ಟನ್ನಿನ ಅಲ್ಯುಮಿನಿಯಂ 600 ಮುಟ್ಟುವ ಮೊದಲೇ ಕರಗತೊಡಗುತ್ತದೆ. ಆದರೂ ಪಿಸ್ಟನ್ ಉಳಿಯುವುದಕ್ಕೆ ಕೆಳಗಿನಿಂದ ಚಿಮ್ಮುವ ಆಯಿಲ್ ಒಂದು ಕಾರಣ, ಲೋಹಕ್ಕೆ ಅಂಟಿ ನಿಂತ ತೆಳುವಾದ ಗಾಳಿಪದರ ಇನ್ನೊಂದು. ನಾಕಿಂಗ್ ಶುರುವಾದಾಗ ಒತ್ತಡದ ಅಲೆಗಳು ಆ ಪದರವನ್ನು ಉಜ್ಜಿ ತೆಗೆಯುತ್ತವೆ. ಬಿಸಿ ಹೊಗೆಯಲ್ಲಿ ಹೊರಗೆ ಹೋಗುವ ಬದಲು ಪಿಸ್ಟನ್ ಮತ್ತು ಹೆಡ್ಡಿಗೆ ನುಗ್ಗುತ್ತದೆ. ಹೊರಗೆ ಬರುವ ಹೊಗೆ ತಣ್ಣಗಾಗುತ್ತದೆ! ಎಂಜಿನ್ ಸಾಯುತ್ತಿರುವಾಗ ಮುಳ್ಳು ಕೆಳಗಿಳಿದು ಎಲ್ಲ ಸರಿಯಿದೆ ಎನ್ನುತ್ತದೆ. ಮಿಸ್‌ಫೈರ್ ಆದಾಗಲೂ ಇದೇ ಕಥೆ: ಉರಿಯದ ಸಿಲಿಂಡರಿನ ಹೊಗೆ ತಂಪು, ಆದರೆ ಉಳಿದ ಗ್ಯಾಸು ಮುಂದೆ ಹೋಗಿ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಹೊತ್ತಿಕೊಂಡು ಅದರ ಸೆರಾಮಿಕ್ಕನ್ನೇ ಕರಗಿಸಬಲ್ಲದು. ಡ್ಯುಯಲ್ ಫ್ಯುಯಲ್ ಗಾಡಿಯಲ್ಲಿ ಮತ್ತೊಂದು ಸಂಕಟ. ನಾಜಲ್ ತುದಿಯನ್ನು ತಂಪಾಗಿಡುತ್ತಿದ್ದದ್ದು ಅದರೊಳಗೆ ಹರಿಯುತ್ತಿದ್ದ ಡೀಸೆಲೇ. ಡೀಸೆಲ್ ಉಳಿಸಿದಷ್ಟೂ ಆ ತುದಿ ಕಾಯುತ್ತದೆ, ಮೀಟರಿಗೆ ಅದರ ಸುಳಿವೇ ಇಲ್ಲ.

ಹೀಗೆ ಏರುವ ಸಂಖ್ಯೆಯಷ್ಟೇ ಇಳಿಯುವ ಸಂಖ್ಯೆಯೂ ಅಪಾಯ ಹೇಳುತ್ತದೆ. ಮೇಲಿನ ಗೆರೆಯೊಂದನ್ನೇ ಕಾಯುವ ಮೀಟರ್ ಇದನ್ನು ಕಾಣದು. ಕಾಣಬೇಕಾದರೆ ಪ್ರತಿ ಸಿಲಿಂಡರಿನ ಬಾಯಿಗೂ ಒಂದೊಂದು ಸೆನ್ಸರ್ ಬೇಕು. ಪಿಸ್ಟನ್ ಎಂಜಿನ್ನಿನ ಸಣ್ಣ ವಿಮಾನಗಳಲ್ಲಿ ಈ ರೂಢಿ ಹಳೆಯದು. ಅಲ್ಲಿ ಪೈಲಟ್ ಒಂದು ಸಂಖ್ಯೆಯನ್ನಲ್ಲ, ಸಿಲಿಂಡರುಗಳ ನಡುವಿನ ವ್ಯತ್ಯಾಸವನ್ನು ನೋಡುತ್ತಾನೆ, ಜತೆಗೆ ಹೆಡ್ಡಿನ ಬಿಸಿಯನ್ನೂ. ಇಲ್ಲಿ ಆರು ಸಿಲಿಂಡರುಗಳ ಹೊಗೆ ಕಲೆಸಿದ ಕಡೆ ಒಂದೇ ಸೆನ್ಸರ್. ಕೆಲವರು ಅದನ್ನೂ ಟರ್ಬೊ ದಾಟಿದ ಮೇಲೆ ಕೂರಿಸುತ್ತಾರೆ. ಸೆನ್ಸರ್ ಮುರಿದರೆ ಚೂರು ಟರ್ಬೈನಿಗೆ ಬೀಳುತ್ತದೆ ಎಂಬ ಅವರ ಅಳುಕು ಸುಳ್ಳಲ್ಲ. ಆದರೆ ಟರ್ಬೊ ತಿರುಗಿಸಲು ಶಕ್ತಿ ಕೊಟ್ಟ ಹೊಗೆ, ಭಾರ ಎಳೆಯುವಾಗ, ನೂರು ಡಿಗ್ರಿಗೂ ಹೆಚ್ಚು ತಣಿದಿರಬಹುದು, ಆ ಇಳಿಕೆಯೂ ಒಂದೇ ಸಮ ಇರುವುದಿಲ್ಲ. ಗಟ್ಟಿಯಾಗಿ ಬಾಳಲೆಂದು ದಪ್ಪ ಕವಚ ಹಾಕಿದ ಥರ್ಮೊಕಪಲ್ (ಸೆನ್ಸರಿನಲ್ಲಿ ಬಿಸಿ ಅಳೆಯುವ ಭಾಗ) ಇನ್ನಷ್ಟು ತಡವಾಗಿ ಎಚ್ಚರಗೊಳ್ಳುತ್ತದೆ. ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕುವ ಕೆಲಸ.

ನಮ್ಮ ನಿಯಮಗಳ ಕಣ್ಣು ಬೇರೆ ಕಡೆಗಿದೆ. 200 ಬಾರ್ ಒತ್ತಡದ ಗ್ಯಾಸ್ ಸಿಲಿಂಡರಿಗೆ ಮೂರು ವರ್ಷಕ್ಕೊಮ್ಮೆ ನೀರೊತ್ತಡದ ಪರೀಕ್ಷೆ, ಪೈಪು, ವಾಲ್ವು, ಸೋರಿಕೆ, ಹೊರಸೂಸುವ ಹೊಗೆಗೆ ಬಗೆಬಗೆಯ ತಪಾಸಣೆ, ಎಲ್ಲವೂ ಬೇಕಾದದ್ದೇ. ಎಂಜಿನ್ನಿನ ಒಳಗಿನ ಬಿಸಿ ಮಾತ್ರ ಹೆಚ್ಚುಕಡಿಮೆ ಕಿಟ್ ಮಾಡಿದವನ ಆತ್ಮಸಾಕ್ಷಿಗೆ ಬಿಟ್ಟದ್ದು. 2022ರ ಆಗಸ್ಟಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ 3.5 ಟನ್ನಿಗಿಂತ ಕಡಿಮೆ ತೂಕದ ಬಿಎಸ್-6 ಗಾಡಿಗಳ ವಿಷಯದಲ್ಲಿ ಜಾಣತನ ತೋರಿತು: ಪೆಟ್ರೋಲ್ ಗಾಡಿಗೆ ಕಿಟ್, ಡೀಸೆಲ್ ಗಾಡಿಗಾದರೆ ಎಂಜಿನ್ನನ್ನೇ ತೆಗೆದು ಸಿಎನ್‌ಜಿ ಅಥವಾ ಎಲ್‌ಪಿಜಿ ಎಂಜಿನ್ ಕೂರಿಸಲು ಅವಕಾಶ. ಹಳೆಯ ಲೋಹಕ್ಕೆ ಹೊಸ ಉರಿ ಕಟ್ಟುವ ತಾಪತ್ರಯವೇ ಅಲ್ಲಿಲ್ಲ. ಖರ್ಚು ಹೆಚ್ಚು, ನಿಜ. ಆದರೂ ಕೊರೆದ ಪಿಸ್ಟನ್ನಿಗಿಂತ ನನಗೆ ಇದೇ ಒಪ್ಪಿಗೆ.

ಇನ್ನು ಬಜರ್ ಬಡಿದು ಸುಮ್ಮನಾಗುವ ಸೆನ್ಸರಿಗೂ ತಾನೇ ಕೈಹಾಕುವ ಸೆನ್ಸರಿಗೂ ಅಜಗಜಾಂತರ. ಬಿಸಿ ಮಿತಿ ಮೀರಿದೊಡನೆ ಗ್ಯಾಸು ನಿಲ್ಲಿಸಿ ಡೀಸೆಲಿಗೆ ಮರಳುವ ಡ್ಯುಯಲ್ ಫ್ಯುಯಲ್ ಕಿಟ್‌ಗಳು ಈ ಇಡೀ ಪದ್ಧತಿಯಲ್ಲೇ ಹೆಚ್ಚು ಮೆಚ್ಚತಕ್ಕವು, ಏಕೆಂದರೆ ಅವಕ್ಕೆ ಹಿಂದಿರುಗಲು ದಾರಿಯಿದೆ. ಪೂರ್ತಿ ಗ್ಯಾಸಿಗೆ ತಿರುಗಿದ ಎಂಜಿನ್ನಿಗೆ ಆ ದಾರಿಯಿಲ್ಲ; ಅಲ್ಲಿ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್, ಅಂದರೆ ಇಸಿಯು, ಥ್ರಾಟಲ್ ಮುಚ್ಚಿ ಪಿಕಪ್ ಕಡಿಮೆ ಮಾಡಬೇಕು, ಯಾವ ಮಾಲೀಕನಿಗೂ ಅದು ಇಷ್ಟವಾಗದು. ಹೊಗೆಯ ಮೀಟರಿಗೆ ಕಾಣದ ನಾಕಿಂಗನ್ನು ಹಿಡಿಯುವ ಬೇರೆ ಸೆನ್ಸರ್ ಉಂಟು; ಅದು ದುಬಾರಿ ವಸ್ತುವೇನಲ್ಲ, ಎಂಜಿನ್ ಬ್ಲಾಕಿಗೆ ಬೋಲ್ಟ್ ಮಾಡುವ ಸಣ್ಣ ಬಿಲ್ಲೆ. ದುಬಾರಿಯಾಗುವುದು ಆ ಎಂಜಿನ್ನಿನ ಸದ್ದುಗಳಲ್ಲಿ ಯಾವುದು ನಾಕಿಂಗ್, ಯಾವುದು ವಾಲ್ವ್ ಬಡಿತ ಎಂದು ಡೈನಮೊಮೀಟರಿನ ಮೇಲೆ ಗಂಟೆಗಟ್ಟಲೆ ಓಡಿಸಿ ಇಸಿಯುಗೆ ಕಲಿಸುವ ಕೆಲಸ. ಮುಳ್ಳಿನ ಮೀಟರ್ ಕೊಟ್ಟು ಕೈತೊಳೆದುಕೊಳ್ಳುವವರು ಉಳಿಸಿಕೊಳ್ಳುವುದು ಈ ಗಂಟೆಗಳ ದುಡ್ಡನ್ನು.