ಕರ್ತೃವಿಲ್ಲದ ವಾಕ್ಯ

2022ರ ಡಿಸೆಂಬರಿನಲ್ಲಿ ಮಾಂಟ್ರಿಯಲ್‌ನಲ್ಲಿ ದೇಶಗಳು ಒಪ್ಪಿಕೊಂಡ ಜಾಗತಿಕ ಜೀವವೈವಿಧ್ಯ ಚೌಕಟ್ಟಿನ ಮೂರನೇ ಗುರಿಯನ್ನು ನಾನು ಸಾಹಿತ್ಯದ ವಿದ್ಯಾರ್ಥಿಯಂತೆ ಓದಿದೆ. 2030ರೊಳಗೆ ನೆಲ, ಒಳನಾಡಿನ ನೀರು ಮತ್ತು ಸಮುದ್ರಗಳ ಕನಿಷ್ಠ ಶೇ 30 ಭಾಗ ಸಂರಕ್ಷಿಸಲ್ಪಡಬೇಕು ಎಂಬುದು ಅದರ ಸಾರ. ಕನ್ನಡಕ್ಕೆ ತಂದೊಡನೆ ಆ ‘ಲ್ಪಡು’ ಕಿವಿಗೆ ಚುಚ್ಚುತ್ತದೆ. ನಮ್ಮ ಮಾತಿನಲ್ಲಿ ಅಪರೂಪವಾದ ಈ ಕರ್ಮಣಿ ಪ್ರಯೋಗದಲ್ಲಿ ಕರ್ತೃ ಸುಲಭವಾಗಿ ಮರೆಯಾಗುತ್ತಾನೆ. ಕಾಪಾಡುವವರು ಯಾರು?

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ಇದಕ್ಕೆ ಕರ್ತರಿಯಲ್ಲೇ ಉತ್ತರಿಸುತ್ತದೆ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಅಲ್ಲಿ ಗೂಡು ಕಟ್ಟುವುದು ಕಾಡಿನಲ್ಲಲ್ಲ, ಮನೆಗಳ ನಡುವಿನ ಹುಣಸೆ ಮರಗಳಲ್ಲಿ. ಗೂಡಿರುವ ಮರದ ಫಸಲನ್ನು ಮನೆಯವರು ಬಿಟ್ಟುಕೊಡುತ್ತಾರೆ. ಹಿಕ್ಕೆ ಹೊಲಕ್ಕೆ ಗೊಬ್ಬರವಾಗುತ್ತದೆ. ವನ್ಯಜೀವಿ ಕಾಯಿದೆಗೆ 2002ರ ತಿದ್ದುಪಡಿ ‘ಸಮುದಾಯ ಮೀಸಲು’ ಎಂಬ ವರ್ಗವನ್ನು ಸೇರಿಸಿತು. 2007ರಲ್ಲಿ ಈ ಊರಿಗೆ ಆ ಹೆಸರು ಬಂತು. ನಡತೆ ಮೊದಲು, ಹೆಸರು ಆಮೇಲೆ.

ಚೌಕಟ್ಟನ್ನು ಸಾರಾಸಗಟಾಗಿ ಜರೆಯಲಾರೆ. ಸ್ಥಳೀಯ ಸಮುದಾಯಗಳ ಹಕ್ಕನ್ನು ಅದೇ ಗುರಿ ಎತ್ತಿ ಹೇಳುತ್ತದೆ. ನನ್ನ ತಕರಾರು ಅಳತೆಯದು. ಶೇಕಡಾ ಲೆಕ್ಕದಲ್ಲಿ ಈ ಊರು ಚುಕ್ಕೆಯೂ ಅಲ್ಲ. ಹಕ್ಕಿಗಳು ಮೀನಿಗಾಗಿ ದೂರದ ಕೆರೆಗಳಿಗೆ ಹಾರುತ್ತವೆ; ಅವು ಬತ್ತಿದರೆ ಮರ ಉಳಿದೂ ಫಲವಿಲ್ಲ. ವಿಸ್ತೀರ್ಣವನ್ನು ಉಪಗ್ರಹ ಅಳೆದೀತು, ಕೊಡಲಿ ಎತ್ತದ ಕೈಯನ್ನು ಅಳೆಯದು.

ಅರಣ್ಯ ಇಲಾಖೆ ಮರಕ್ಕೆ ಪರಿಹಾರ ಕೊಡುತ್ತಾ ಬಂದಿದೆ, ಸರಿ. ಆದರೆ ಮರ ಮಕ್ಕಳ ಪಾಲಿಗೆ ಹೋದಾಗ ತಂದೆತಾಯಿಯ ನಿರ್ಧಾರವೂ ಅದರೊಂದಿಗೆ ಹೋಗುತ್ತದೆಯೇ? ಮೂರನೇ ಗುರಿಯಲ್ಲಿ ಕಾಣೆಯಾದ ಕರ್ತೃ ಆ ಅಂಗಳದಲ್ಲೇ ನಿಂತಿದ್ದಾನೆ.