ಬ್ಯಾಡ್ಜ್ ಬಿಡಿ, ಚಕ್ರ ನೋಡಿ

ಹಳೆ ಬೈಕುಗಳ ಮೇಳಕ್ಕೆ ಹೋದರೆ ಜಾವಾ ಎಂದು ಬೀಗುತ್ತಾ ನಿಂತಿರುವ ಗಾಡಿಗಳಲ್ಲಿ ಕೆಲವು ಅಪ್ಪಟ ಯೆಜ್ಡಿಗಳು. ಟ್ಯಾಂಕಿನ ಬ್ಯಾಡ್ಜ್ ನೋಡಿ ಬೈಕಿನ ಕುಲ ಹೇಳುವುದು ಹಣೆಯ ನಾಮ ನೋಡಿ ಭಕ್ತಿ ಅಳೆದ ಹಾಗೆ. ಬ್ಯಾಡ್ಜ್ ಯಾವ ಗ್ಯಾರೇಜಿನಲ್ಲಾದರೂ ಬದಲಾಗುತ್ತದೆ.

ಅಷ್ಟಕ್ಕೂ ಜಾವಾ ಬೇರೆ, ಯೆಜ್ಡಿ ಬೇರೆ ಎಂಬ ಜಗಳದಲ್ಲಿ ಹುರುಳು ಕಡಿಮೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಚೆಕೊಸ್ಲೊವಾಕಿಯಾದ ಜಾವಾ 250 ತಯಾರಿಸಿತು. ಎಪ್ಪತ್ತರ ದಶಕದಲ್ಲಿ ಆ ಹೆಸರಿನ ಪರವಾನಗಿ ಮುಗಿದಾಗ ಅದೇ ಕಾರ್ಖಾನೆಯಿಂದ ಹೆಚ್ಚುಕಮ್ಮಿ ಅದೇ ಗಾಡಿ ಯೆಜ್ಡಿ ಎಂದು ಹೊರಬಂತು. ನನ್ನನ್ನು ಕೇಳಿದರೆ, ಗೆರೆ ಎಳೆಯಬೇಕಾದದ್ದು 1978ರ ಯೆಜ್ಡಿ ರೋಡ್‌ಕಿಂಗ್ ಹತ್ತಿರ.

ಮೊದಲು ಮುಂಭಾಗ ನೋಡಿ. ಜಾವಾದಲ್ಲಿ ಹೆಡ್‌ಲೈಟ್, ಸ್ಪೀಡೋಮೀಟರ್, ಫೋರ್ಕಿನ ನೆತ್ತಿ ಎಲ್ಲ ಸೇರಿ ಒಂದೇ ತಗಡಿನ ಹೊದಿಕೆ. ರೋಡ್‌ಕಿಂಗ್‌ನಲ್ಲಿ ಲೈಟಿನ ದುಂಡು ಬುರುಡೆ ಪ್ರತ್ಯೇಕ. ಇನ್ನು ಚಕ್ರ: ಜಾವಾದ್ದು 16 ಇಂಚು, ರೋಡ್‌ಕಿಂಗ್‌ನದ್ದು 18. ದೂರದಿಂದಲೇ ಒಂದು ಗಿಡ್ಡ, ಗುಂಡು. ಇನ್ನೊಂದು ಎತ್ತರ, ಒಣಕಲು. ಜಾವಾ ಐವತ್ತರ ದಶಕದ ಮರ್ಯಾದಸ್ಥರ ಗಾಡಿ. ಮಣ್ಣು, ಗ್ರೀಸು ಕಾಣದಂತೆ ಚೈನನ್ನು ಪೂರ್ತಿ ಮುಚ್ಚಿ, ಕಾರ್ಬೊರೇಟರಿಗೂ ಮುಸುಕು ಹಾಕಿ, ಪಂಚೆ ಉಟ್ಟು ಕೂತರೂ ಕಲೆಯಾಗದಂತೆ ಮಾಡಿದ್ದು. ರೋಡ್‌ಕಿಂಗ್ ಚೆಕ್ ಮೋಟೊಕ್ರಾಸ್ ಬೈಕುಗಳ ಮೈಕಟ್ಟನ್ನು ನೋಡಿಕೊಂಡು ಬೆಳೆದದ್ದು. ಕಾಲೇಜು ಹುಡುಗರ ಕಣ್ಣಿಗೆ ಬಿದ್ದದ್ದು ಸಹಜ.

ಎರಡರಲ್ಲೂ ಉಳಿದುಕೊಂಡ ಜಾಣತನವೊಂದಿದೆ. ಎಡಗಡೆ ಇರುವುದು ಒಂದೇ ಲಿವರ್. ಅದನ್ನು ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿ ಎತ್ತಿದರೆ ಕಿಕ್ಕರ್, ಗಾಡಿ ಶುರುವಾದ ಮೇಲೆ ಮುಂದಕ್ಕೆ ಮಡಚಿದರೆ ಗೇರ್. ಹಳೆ ಬುಲೆಟ್ ಓಡಿಸಿ ರೂಢಿಯಾದವರು ಬಲಗಾಲಲ್ಲಿ ಗೇರ್ ಹುಡುಕಿ ಬ್ರೇಕ್ ತುಳಿಯುವುದನ್ನು ನೋಡಬೇಕು! ಎರಡು ಸೈಲೆನ್ಸರ್ ಕಂಡು ಎರಡು ಸಿಲಿಂಡರ್ ಎಂದುಕೊಳ್ಳುವವರೂ ಇದ್ದಾರೆ. ಸಿಲಿಂಡರ್ ಒಂದೇ, ಅದಕ್ಕೆ ಹೊಗೆ ಹೊರಹೋಗುವ ದಾರಿ ಮಾತ್ರ ಎರಡು. ಸ್ಪಾರ್ಕ್ ಪ್ಲಗ್ ಎಣಿಸಿದರೆ ಅನುಮಾನ ಬಗೆಹರಿಯುತ್ತದೆ. ಪ್ಲಗ್ ಎರಡಿದ್ದರೆ ನೀವು ಎಂಬತ್ತರ ದಶಕದ ಯೆಜ್ಡಿ 350ರ ಮುಂದೆ ನಿಂತಿದ್ದೀರಿ, ಅದೃಷ್ಟವಂತರು.

ಇನ್ನೂ ಹಿಂದಕ್ಕೆ ಹೋದರೆ, ಅಪರೂಪಕ್ಕೆ ಮೈಸೂರಿನದ್ದಲ್ಲದ, ವಿದೇಶದಿಂದ ಬಂದ ಪೇರಾಕ್ ಸಿಗಬಹುದು. 1946ರ ಆ ಜಾವಾದಲ್ಲಿ ಹಿಂದಿನ ಚಕ್ರದ ಅಚ್ಚು ಎರಡೂ ಬದಿಯ ಕೊಳವೆಗಳಲ್ಲಿ ನೆಟ್ಟಗೆ ಮೇಲೆ ಕೆಳಗೆ ಜಾರುತ್ತದೆ. ನಂತರದ ಜಾವಾ 353ರಲ್ಲಿ ಸ್ವಿಂಗ್ ಆರ್ಮ್ ಬಂತು: ಚಕ್ರ ಹಿಡಿದ ತೋಳು ಕಮಾನಿನಂತೆ ಏರಿಳಿದು ಹಳ್ಳದಿಣ್ಣೆಯಲ್ಲಿ ಸೊಂಟ ಉಳಿಸುತ್ತದೆ. ಮೈಸೂರಿನ ಮೊದಲ ಜಾವಾಗಳು ಈ ಪೀಳಿಗೆಯವು.

ಕೊಳ್ಳುವವರಿಗೆ ಒಂದು ಮಾತು. ಥಳಥಳಿಸುವ ಕ್ರೋಮಿಗೆ ಮರುಳಾಗಿ ದುಡ್ಡು ಎಣಿಸುವವರೇ ಹೆಚ್ಚು. ನನಗಂತೂ ತುಕ್ಕು ಹಿಡಿದರೂ ಕಾರ್ಖಾನೆಯ ಚೈನ್ ಕವರ್, ಕಾರ್ಬೊರೇಟರ್ ಮುಸುಕು ಉಳಿಸಿಕೊಂಡ ಗಾಡಿಯೇ ಇಷ್ಟ. ಚಾಸಿಸ್ ನಂಬರ್, ಎಂಜಿನ್ ನಂಬರ್ ಎರಡನ್ನೂ ಆರ್‌ಸಿ ಬುಕ್ಕಿನ ಜತೆ ತಾಳೆ ನೋಡಿ. ಆಮೇಲೆ ಬೇಕಾದರೆ ಬ್ಯಾಡ್ಜ್ ನೋಡಿ ಖುಷಿಪಡಿ.