ಸ್ಥಳವರ್ಣನೆಯಲ್ಲಿ ಔಚಿತ್ಯ

ಬೇಲೂರು ಹಳೇಬೀಡುಗಳನ್ನು ಕಂಡುಬಂದ ಕನ್ನಡಿಗರಲ್ಲಿ ಲೇಖನಿ ಹಿಡಿಯದವರು ವಿರಳ. ಆದರೆ ಆ ಪ್ರವಾಸಕಥನಗಳನ್ನು ಸಾಲಾಗಿ ಓದಿದ ವಾಚಕರಿಗೆ ಒಂದು ಕೊರತೆ ತೋರದಿರದು. ಊರಿನ ಹೆಸರನ್ನು ಮುಚ್ಚಿದರೆ ಯಾವ ದೇವಾಲಯದ ವರ್ಣನೆಯೆಂಬುದೇ ತಿಳಿಯದು. ಶಿಲೆ ಬೆಣ್ಣೆಯಾಯಿತು, ಕಲ್ಲು ಜೀವತಳೆಯಿತು ಎಂಬ ಮಾತುಗಳು ಎಲ್ಲ ಗುಡಿಗಳಿಗೂ ಸಲ್ಲುತ್ತವೆ.

ದಂಡಿಯು ಅರ್ಥಾಲಂಕಾರಗಳನ್ನು ನಿರೂಪಿಸುವಾಗ ಸ್ವಭಾವೋಕ್ತಿಗೆ ಮೊದಲ ಮಣೆ ಹಾಕಿದನು. ನಮ್ಮ ಪ್ರವಾಸಿಗಳಾದರೋ ಮೊದಲ ವಾಕ್ಯದಲ್ಲಿಯೇ ಅತಿಶಯೋಕ್ತಿಗೆ ಮೊರೆಹೋಗುತ್ತಾರೆ. ಬೆರಗಾದವನ ಬಾಯಲ್ಲಿ ಅತಿಶಯ ಸಹಜವಲ್ಲವೇ ಎಂದು ಕೇಳಬಹುದು. ಸಹಜವೇ ಸರಿ, ಆದರೆ ಬೆರಗಿನ ಕಾರಣವನ್ನು ಹೇಳದೆ ಬೆರಗನ್ನು ಮಾತ್ರ ಹೇಳಿದರೆ, ವಿಭಾವವಿಲ್ಲದೆ ರಸವನ್ನು ಬಯಸಿದಂತಾಗುವುದು.

ಹಳೇಬೀಡನ್ನೇ ನೋಡಿರಿ. 1121ರ ಸುಮಾರಿಗೆ ಆರಂಭವಾದ ಹೊಯ್ಸಳೇಶ್ವರ ದೇವಾಲಯದ ಗೋಡೆಯಲ್ಲಿ ಕೆಳಗಿನಿಂದ ಆನೆ, ಸಿಂಹ, ಬಳ್ಳಿ, ಕುದುರೆ, ಮೇಲೆ ಇತಿಹಾಸ ಪುರಾಣಗಳ ಕಥೆ, ಮಕರ, ಹಂಸ ಎಂದು ಪಟ್ಟಿಕೆಗಳು ಏರುತ್ತವೆ. ಗೋಡೆ ಅಲ್ಲಲ್ಲಿ ಮಡಿದು ತಿರುಗುವುದರಿಂದ ನಿಂತಲ್ಲಿ ನಿಂತವನಿಗೆ ಕಥೆ ದಕ್ಕದು. ಜಗತಿಯ ಮೇಲೆ ಪ್ರದಕ್ಷಿಣವಾಗಿ ನಡೆಯುವುದೇ ಈ ಕಾವ್ಯದ ಪಠನಕ್ರಮ. ನಡೆಯದೆ ಬರೆದವನ ಬರಹ ಕಾವ್ಯವನ್ನೋದದೆ ಮಾಡಿದ ವಿಮರ್ಶೆಯಷ್ಟೆ.

ಬೇಲೂರಿನ ವಿಷಯದಲ್ಲಿ ಇನ್ನೊಂದು ಲೋಪವಿದೆ. 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಗುಡಿಯ ಕೀರ್ತಿಯನ್ನೆಲ್ಲ ಲೇಖಕರು ಜಕಣಾಚಾರಿಗೆ ಒಪ್ಪಿಸಿಬಿಡುತ್ತಾರೆ. ಆ ಕಥೆ ಕಥೆಯಾಗಿ ಸೊಗಸಾದುದೇ. ಆದರೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರು ತಮ್ಮ ಹೆಸರುಗಳನ್ನು ಕಲ್ಲಿನಲ್ಲಿಯೇ ಬರೆದಿಟ್ಟಿದ್ದಾರೆ. ಉಳಿಯ ಹಿಡಿದವನು ತಾನೇ ಕೆತ್ತಿದ ಹೆಸರನ್ನು ಓದದೆ ಬರುವುದು ಕೃತಘ್ನತೆಯಲ್ಲವೇ?

ಅರಸೀಕೆರೆಯ ಪಾಡು ಇದಕ್ಕಿಂತ ಕನಿಷ್ಠ. ರೈಲು ಬದಲಿಸುವ ಠಾಣೆಯೆಂಬುದರ ಹೊರತು ಅದಕ್ಕೆ ಈ ಕಥನಗಳಲ್ಲಿ ಸ್ಥಾನವಿಲ್ಲ. ಸುಮಾರು 1220ರ ಶಿವಾಲಯವೂ ಅದರ ಮುಂದಣ ನಕ್ಷತ್ರಾಕಾರದ ತೆರೆದ ಮಂಟಪವೂ, ಅದೇ ಕಾಲದಲ್ಲಿ ರೇಚರಸನು ಕಟ್ಟಿಸಿದ ಸಹಸ್ರಕೂಟ ಜಿನಾಲಯವೂ ಅಲ್ಲಿವೆ. 2023ರಲ್ಲಿ ಯುನೆಸ್ಕೊ ಸಂಸ್ಥೆಯು ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದುದು ಹೆಮ್ಮೆಯ ಸಂಗತಿ. ಆದರೆ ಪಟ್ಟಿಯಲ್ಲಿಲ್ಲದುದನ್ನು ಕಾಯುವ ಹೊಣೆ ಬರಹಗಾರನ ಮೇಲೆ ಹೆಚ್ಚಾಗಿ ಬೀಳುತ್ತದೆ. ಯಾರೂ ಬರೆಯದ ಗುಡಿಯನ್ನು ನೋಡಬರುವವರು ಕಡಿಮೆ, ನೋಡುವವರಿಲ್ಲದ ಗುಡಿಯ ಕಲ್ಲು ಸಡಿಲಿದರೆ ಕೇಳುವವರೂ ಇಲ್ಲ.

ಮನೆಯಲ್ಲಿಯೇ ಕುಳಿತು ಓದುವ ವೃದ್ಧರಿಗೂ ಗೃಹಿಣಿಯರಿಗೂ ಲೇಖಕನ ಕಣ್ಣೇ ಕಣ್ಣು. ಆದುದರಿಂದ ತರುಣ ಲೇಖಕರು ಮುಂದಿನ ಸಲ ಅರಸೀಕೆರೆಯಲ್ಲಿ ಇಳಿದು, ಆ ಮಂಟಪವನ್ನು ಒಂದು ಸುತ್ತು ನಡೆದು, ಕಂಡುದನ್ನು ಕಂಡಂತೆ ಬರೆಯಬೇಕೆಂದು ಪ್ರಾರ್ಥನೆ.